ಟೈಟಾನಿಕ್ ಅಲ್ಲ, ಇದು ಎಸ್‌ಡಿ 14

ಮನೆಗೆ ಬಂದವರೆಲ್ಲ ಟಿವಿ ಪಕ್ಕ ಇಟ್ಟಿರುವ ಹಡಗಿನ ಮಾದರಿ ನೋಡಿ ಮೊದಲು ಕೇಳುವುದು, “ಟೈಟಾನಿಕ್ ಅಲ್ವಾ?” ಅಲ್ಲ ಅಂದ ಕೂಡಲೇ ಇನ್ನೊಂದು ಪ್ರಶ್ನೆ: “ಮತ್ತೆ ಈ ಲಗೇಜ್ ಹಡಗನ್ನ ಯಾಕೆ ಮಾಡಿದ್ರಿ? ಚೆಂದದ್ದು ಯಾವುದೂ ಸಿಗಲಿಲ್ವಾ?” ನಾನು ಬಾಯಿ ತೆರೆಯುವಷ್ಟರಲ್ಲಿ ಕಾಫಿ ಬರುತ್ತದೆ, ಮಾತು ಸೈಟಿನ ರೇಟಿಗೆ ಹೊರಳುತ್ತದೆ. ಹಾಗಾಗಿ ಉತ್ತರವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಇದರ ಹೆಸರು ಎಸ್‌ಡಿ 14. ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಸಂಡರ್‌ಲ್ಯಾಂಡ್ ಊರಿನಲ್ಲಿ, ವೇರ್ ನದಿ ದಡದ ಆಸ್ಟಿನ್ ಅಂಡ್ ಪಿಕರ್ಸ್‌ಗಿಲ್ ಕಂಪನಿ ರೂಪಿಸಿದ ಸರಕು ಹಡಗು. ಕಥೆ ಶುರುವಾಗುವುದು ಎರಡನೇ ಮಹಾಯುದ್ಧದಿಂದ. ಆಗ ಅಮೆರಿಕ ಗಡಿಬಿಡಿಯಲ್ಲಿ ಲಿಬರ್ಟಿ ಎಂಬ 2,710 ಸರಕು ಹಡಗುಗಳನ್ನು ಕಟ್ಟಿತ್ತು. ಯುದ್ಧ ಮುಗಿದ ಮೇಲೆ ಅವುಗಳಲ್ಲಿ ಎಷ್ಟೋ ಗ್ರೀಕ್ ಮಾಲೀಕರ ಕೈಗೆ ಬಂದವು. 1960ರ ದಶಕದ ಹೊತ್ತಿಗೆ ಅವು ಮುದಿಯಾಗಿದ್ದವು. ಹಳೇ ಸ್ಕೂಟರ್ ಥರ, ಓಡಿಸುವುದಕ್ಕಿಂತ ರಿಪೇರಿಗೇ ಖರ್ಚು ಜಾಸ್ತಿ. ಬದಲಿಗೆ ಅಗ್ಗದ ಹಡಗು ಬೇಕಿತ್ತು.

ಆ ಲಿಬರ್ಟಿಯ ಮೂಲ ನಕ್ಷೆಯೂ ಸಂಡರ್‌ಲ್ಯಾಂಡಿನದೇ! 1940ರಲ್ಲಿ ಅಲ್ಲಿನ ಹಡಗು ಕಟ್ಟುವ ಮನೆತನದ ಸಿರಿಲ್ ಥಾಂಪ್ಸನ್ ಅದನ್ನು ಅಮೆರಿಕಕ್ಕೆ ಒಯ್ದಿದ್ದರು. ಅಂದರೆ ಅಜ್ಜಿಯೂ ಅದೇ ಊರು, ಮೊಮ್ಮಗಳೂ ಅದೇ ಊರು.

ಆಸ್ಟಿನ್ ಅಂಡ್ ಪಿಕರ್ಸ್‌ಗಿಲ್ ಮುಖ್ಯಸ್ಥ ಕೆನ್ ಡಗ್ಲಸ್ ಹಿಡಿದ ದಾರಿ ಸರಳ. ನಕ್ಷೆ ಒಂದೇ ಇರಬೇಕು, ಅದನ್ನೇ ಮತ್ತೆ ಮತ್ತೆ ಕಟ್ಟಬೇಕು. ಸುಮಾರು 141 ಮೀಟರ್ ಉದ್ದ, ಐದು ಸಿಲಿಂಡರಿನ ಸುಲ್ಜರ್ ಡೀಸೆಲ್ ಎಂಜಿನ್, 14 ನಾಟ್ ವೇಗ. ಅಂದರೆ ಗಂಟೆಗೆ ಸುಮಾರು 26 ಕಿಲೋಮೀಟರ್, ನಮ್ಮ ಸಿಟಿ ಬಸ್ಸಿನಷ್ಟು. ಲಿಬರ್ಟಿ ಓಡುತ್ತಿದ್ದದ್ದು 11 ನಾಟ್. ಮೊದಮೊದಲ ಹಡಗುಗಳ ಬೆಲೆ 10 ಲಕ್ಷ ಪೌಂಡಿಗಿಂತ ಕಡಿಮೆ. ಮೊದಲ ಹಡಗು ‘ನಿಕೋಲಾ’ 1968ರಲ್ಲಿ ಮಾಲೀಕರ ಕೈ ಸೇರಿತು.

ಎಸ್‌ಡಿ ಅಂದರೆ ಶೆಲ್ಟರ್ ಡೆಕ್, ಮುಖ್ಯ ಡೆಕ್ಕಿನ (ಹಡಗಿನ ಅಂತಸ್ತಿನ ನೆಲ) ಮೇಲೆ ಹೊದಿಸಿದ ಇನ್ನೊಂದು ಡೆಕ್. 14 ಅಂದರೆ 14,000 ಟನ್ ಹೊರುವ ಲೆಕ್ಕ. ಕೊನೆಗೆ ಹೊತ್ತದ್ದು ಅದಕ್ಕಿಂತ ಜಾಸ್ತಿಯೇ, ಸುಮಾರು 15,000. ಒಳಗೆ ಐದು ಹೋಲ್ಡ್‌ಗಳು, ಅಂದರೆ ಸರಕು ತುಂಬುವ ಕೋಣೆಗಳು. ನಾಲ್ಕು ಎಂಜಿನ್ ಮನೆಯ ಮುಂದೆ, ಒಂದು ಹಿಂದೆ. ಹೋಲ್ಡಿನೊಳಗೆ ನಡುವೆ ಇನ್ನೊಂದು ಡೆಕ್ ಇರುತ್ತದೆ, ಥೇಟ್ ನಮ್ಮ ಹಳೇ ಮನೆಗಳ ಅಟ್ಟ. ಭಾರದ ಯಂತ್ರಗಳು ಕೆಳಗೆ, ಅಟ್ಟದ ಮೇಲೆ ಚೀಲ, ಪೆಟ್ಟಿಗೆ. ಮುಂದಿನ ಸಲ ಹೋಲ್ಡಿಗೆ ಸೀದಾ ಗೋಧಿ ಸುರಿಯಬಹುದು. ಬಹೂಪಯೋಗಿ ಅನ್ನುವುದು ಇದಕ್ಕೇ.

ನನಗೆ ಮರುಳು ಹಿಡಿಸಿದ್ದು ಮಾತ್ರ ಡೆರಿಕ್. ಕಂಬಗಳಿಗೆ ಒರಗಿಸಿದ ಉದ್ದನೆಯ ತೋಳುಗಳು. ಅವನ್ನು ಜೋಡಿಯಾಗಿ ಬಳಸುತ್ತಾರೆ. ಒಂದು ತೋಳು ಹ್ಯಾಚಿನ (ಹೋಲ್ಡಿನ ಬಾಯಿ) ನೇರಕ್ಕೆ, ಇನ್ನೊಂದು ದಕ್ಕೆಯ ನೇರಕ್ಕೆ, ಎರಡನ್ನೂ ಅಲ್ಲಾಡದಂತೆ ಕಟ್ಟಿಬಿಡುತ್ತಾರೆ. ಎರಡರ ಹಗ್ಗಗಳೂ ಬಂದು ಸೇರುವುದು ಒಂದೇ ಕೊಕ್ಕೆಗೆ. ಮೊದಲ ತೋಳಿನ ವಿಂಚ್, ಅಂದರೆ ಹಗ್ಗ ಸುತ್ತುವ ಯಂತ್ರ, ಚೀಲಗಳ ಕಟ್ಟನ್ನು ಹೋಲ್ಡಿನಿಂದ ಮೇಲೆತ್ತುತ್ತದೆ. ಆಮೇಲೆ ಅದು ಹಗ್ಗ ಸಡಿಲಿಸುತ್ತಾ ಹೋದಂತೆ ಎರಡನೆಯದು ಎಳೆದುಕೊಳ್ಳುತ್ತದೆ. ಹೊರೆ ಅಡ್ಡಕ್ಕೆ ಜಾರಿ ದಕ್ಕೆಯ ಮೇಲೆ ಬಂದು ಇಳಿಯುತ್ತದೆ. ತೋಳುಗಳು ಇದ್ದಲ್ಲೇ ಇರುತ್ತವೆ! ಹ್ಯಾಚಿನ ಅಂಚಿನಲ್ಲಿ ನಿಂತವನ ಕೈಸನ್ನೆ ನೋಡಿಕೊಂಡೇ ಇಷ್ಟೆಲ್ಲ ನಡೆಯುತ್ತದೆ. ಬಂದರಿನಲ್ಲಿ ಕ್ರೇನ್ ಇಲ್ಲದಿದ್ದರೂ ಚಿಂತೆಯಿಲ್ಲ, ಹಡಗು ತನ್ನ ಹೊರೆಯನ್ನು ತಾನೇ ಇಳಿಸಿಕೊಳ್ಳುತ್ತದೆ. ಟೈಟಾನಿಕ್ ಮಾಡಿದ್ದರೆ ಈ ದಾರ ಕಟ್ಟುವ ಸುಖ ನನಗೆಲ್ಲಿ ಸಿಗುತ್ತಿತ್ತು?

1968ರಿಂದ 1988ರವರೆಗೆ ಒಟ್ಟು 211 ಎಸ್‌ಡಿ 14ಗಳು ತಯಾರಾದವು. ಸಂಡರ್‌ಲ್ಯಾಂಡ್ ಅಷ್ಟೇ ಅಲ್ಲ, ಅದೇ ನಕ್ಷೆಯ ಮೇಲೆ ಗ್ರೀಸ್, ಬ್ರೆಜಿಲ್, ಅರ್ಜೆಂಟೀನಾದಲ್ಲೂ ಕಟ್ಟಿದರು. ಬ್ರಿಟನ್ನಿನ ಲ್ಯಾಂಪೋರ್ಟ್ ಅಂಡ್ ಹೋಲ್ಟ್ ಕಂಪನಿ ದಕ್ಷಿಣ ಅಮೆರಿಕದ ಓಡಾಟಕ್ಕೆ ನಾಲ್ಕನ್ನು ಕಟ್ಟಿಸಿಕೊಂಡಿತು. ಅವುಗಳ ಹೆಸರು ಬ್ರಾಂಟೆ, ಬ್ರೌನಿಂಗ್, ಬಾಸ್ವೆಲ್, ಬೆಲಾಕ್, ಎಲ್ಲ ಸಾಹಿತಿಗಳೇ. ಇಷ್ಟೊಂದು ಚೀಲ ಹೊರುವ ಹಡಗಿಗೆ ಕವಿಯ ಹೆಸರಿಡುವವರನ್ನು ಕಂಡರೆ ನನಗೆ ಸುಮ್ನೆ ಖುಷಿ.

ಇದಕ್ಕೆ ಏಟು ಕೊಟ್ಟದ್ದು ಕಂಟೇನರ್. ಚೀಲ, ಪೆಟ್ಟಿಗೆ ಒಂದೊಂದೇ ಇಳಿಸುವ ಹಡಗು ಬಂದರಿನಲ್ಲಿ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ನಿಲ್ಲಬೇಕು. ನಾವಿಕರಿಗೇನೋ ಊರು ಸುತ್ತಲು ಒಳ್ಳೆಯದೇ, ಆದರೆ ಮಾಲೀಕನಿಗೆ ಅದು ನಷ್ಟ. ಕಂಟೇನರ್ ಹಡಗಿನ ಕೆಲಸ ಗಂಟೆಗಳ ಲೆಕ್ಕದಲ್ಲಿ ಮುಗಿಯುತ್ತದೆ. ಆದರೂ ದೊಡ್ಡ ಕ್ರೇನ್ ಇಲ್ಲದ ಬಂದರುಗಳಲ್ಲಿ ಎಸ್‌ಡಿ 14ಗಳು ಇನ್ನೂ ಎಷ್ಟೋ ವರ್ಷ ದುಡಿದವು. ಕೈಯಿಂದ ಕೈಗೆ ಮಾರಾಟವಾಗುತ್ತಾ, ಹೆಸರು, ಬಣ್ಣ ಬದಲಿಸಿಕೊಳ್ಳುತ್ತಾ ಕೊನೆಗೆ ಹಲವು ನಮ್ಮ ಗುಜರಾತಿನ ಅಲಂಗ್ ತೀರಕ್ಕೇ ಬಂದು ಗುಜರಿಯಾದವು. ಸಂಡರ್‌ಲ್ಯಾಂಡಿನಲ್ಲಿ ಹಡಗು ಕಟ್ಟುವ ಕೆಲಸ 1988ರ ಕೊನೆಗೆ ನಿಂತೇ ಹೋಯಿತು. ಅದು ಆ ಊರಿನ ದೊಡ್ಡ ನೋವು. ಅದರ ಬಗ್ಗೆ ಬೇರೆಯೇ ಬರೆಯಬೇಕು.

ನನ್ನದು ಇನ್ನೂರಕ್ಕೆ ಒಂದರ ಅಳತೆ, ಸುಮಾರು 70 ಸೆಂಟಿಮೀಟರ್ ಉದ್ದ. ಹಗ್ಗಗಳಿಗೆ ದರ್ಜಿ ಅಂಗಡಿಯ ಕಪ್ಪು ದಾರ. ಡೆರಿಕ್‌ಗಳಿಗೆ ನೀರಲ್ಲಿ ನೆನೆಸಿ ಮಸಿ ತೆಗೆದ ಊದುಬತ್ತಿ ಕಡ್ಡಿ. ದೇವರ ಮುಂದಿನ ಪ್ಯಾಕೆಟ್ಟಿಗೆ ಕೈ ಹಾಕಿದ್ದಕ್ಕೆ ಹೆಂಡತಿಯಿಂದ ಒಂದು ವಾರ ಮಂಗಳಾರತಿ ಆಯಿತು. ಮೊನ್ನೆ ಬಂದಿದ್ದ ಪುಟ್ಟ ಹುಡುಗನೊಬ್ಬ ಮೂರನೇ ಹ್ಯಾಚಿನ ಡೆರಿಕ್ ಒಂದನ್ನು ಮುರಿದು ಹೋಗಿದ್ದಾನೆ. ಅವಳು ತರಕಾರಿಗೆ ಹೋಗುವುದನ್ನೇ ಕಾಯುತ್ತಿದ್ದೇನೆ.