ರಿಂಗ್ ಕೆಳಗಿನ ಕೆಲಸ: ಇಲ್ಲಿಯವರೆಗಿನ ಪ್ರಗತಿ

ಹುಡುಗ ಡಿಗ್ರಿ ಎರಡನೇ ವರ್ಷ, ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಗಾರ್ಡ್, ಅಂದರೆ ಹೊರಗಿನಿಂದ ಚೆಂಡು ತಂದು ಆಟ ಕಟ್ಟುವವನು. ಮೊದಲ ಡಿಫೆಂಡರನ್ನು ದಾಟಿ ರಿಂಗ್ ಹತ್ತಿರ ಬರುವುದು ಅವನಿಗೆ ನೀರು ಕುಡಿದಷ್ಟು ಸಲೀಸು. ಅಲ್ಲಿಂದ ಮುಂದೆ ಚೆಂಡು ಒಳಗೆ ಬೀಳುವುದೇ ಕಷ್ಟ. 'ಟಚ್ (ಚೆಂಡನ್ನು ನಾಜೂಕಾಗಿ ಬಿಡುವ ಕೈಗುಣ) ಹುಟ್ಟಿನಿಂದ ಬರಬೇಕು, ಈ ವಯಸ್ಸಿಗೆ ಅದನ್ನೆಲ್ಲ ಕಲಿಸೋಕಾಗಲ್ಲ' ಅಂತ ತಂಡದಲ್ಲಿ ಕೆಲವರ ಅಭಿಪ್ರಾಯ. ನಾನು ಒಪ್ಪಲಿಲ್ಲ. ಸೀಸನ್ ಮುಗಿದ ಮೇಲೆ ಸಂಜೆ ಹೊತ್ತು ಅವನ ಫಿನಿಶಿಂಗ್, ಅಂದರೆ ರಿಂಗ್ ಹತ್ತಿರ ಬಂದು ಚೆಂಡು ಒಳಗೆ ಹಾಕುವುದು, ಅದೊಂದನ್ನೇ ಹಿಡಿದು ಕೆಲಸ ಮಾಡುತ್ತಿದ್ದೇವೆ.

ಶುರುವಿಗೆ ಅವನು ಮಿಸ್ ಮಾಡಿದ ಲೇಅಪ್‌ಗಳ (ಓಡಿಬಂದು ಹಾರಿ, ರಿಂಗ್ ಹತ್ತಿರದಿಂದ ಚೆಂಡು ಹಾಕುವುದು) ವಿಡಿಯೋ ನಿಧಾನಗತಿಯಲ್ಲಿ ನೋಡಿದೆವು. ಬೆರಳ ತುದಿಯ ನಾಜೂಕು ಸಾಲದೆ ತಪ್ಪಿದವು ಕೆಲವೇ. ಉಳಿದವುಗಳಲ್ಲಿ ಚೆಂಡು ಕೈಬಿಡುವ ಮೊದಲೇ, ಕೊನೆಯ ಎರಡು ಹೆಜ್ಜೆಯಲ್ಲೇ ಕೆಲಸ ಕೆಟ್ಟಿರುತ್ತಿತ್ತು. ಕೋರ್ಟ್ ಮಧ್ಯದಲ್ಲಿದ್ದ ವೇಗವನ್ನು ಹಾಗೇ ಹೊತ್ತು ತಂದು ಹೆಚ್ಚುಕಡಿಮೆ ರಿಂಗ್ ಅಡಿಯಿಂದಲೇ ಹಾರುತ್ತಾನೆ. ರಿಂಗ್ ಇರುವುದು 3.05 ಮೀಟರ್ ಎತ್ತರದಲ್ಲಿ. ಅಷ್ಟು ಒಳಗೆ ಹೋದರೆ ರಿಂಗ್ ಹಿಂದಿನ ಬೋರ್ಡ್‌ಗೆ ಕೋನವೇ ಸಿಗುವುದಿಲ್ಲ. ಮೈಯ ವೇಗ ಚೆಂಡಿಗೂ ಸೇರಿಕೊಳ್ಳುವುದರಿಂದ ಮೆಲ್ಲಗೆ ಇಟ್ಟ ಚೆಂಡೂ ಬೋರ್ಡ್‌ಗೆ ಬಡಿದು ಆಚೆ ಹಾರುತ್ತದೆ. ಜೊತೆಗೆ ಹಾರುವ ಮುನ್ನ ಚೆಂಡನ್ನು ಸೊಂಟದ ಹತ್ತಿರ ಇಳಿಸುತ್ತಾನೆ. ಪಕ್ಕದ ಡಿಫೆಂಡರ್ ಕೈ ಬೀಸುವುದು ಸರಿಯಾಗಿ ಅಲ್ಲಿಗೇ.

ಮೊದಲ ಹಂತದಲ್ಲಿ ಮೈಕನ್ ಡ್ರಿಲ್ ಬಿಟ್ಟು ಬೇರೆ ಏನೂ ಮಾಡಿಸಲಿಲ್ಲ. ರಿಂಗ್ ಅಡಿಯಲ್ಲಿ ನಿಂತು ಒಮ್ಮೆ ಬಲಗೈ, ಒಮ್ಮೆ ಎಡಗೈ, ಚೆಂಡು ಗಲ್ಲಕ್ಕಿಂತ ಕೆಳಗೆ ಬರಕೂಡದು. ಅಮೆರಿಕದ ಡಿಪಾಲ್ ವಿಶ್ವವಿದ್ಯಾಲಯದಲ್ಲಿ ರೇ ಮೇಯರ್ ಎಂಬ ಕೋಚ್ ಕೈಯಲ್ಲಿ, ಮುಂದೆ ಹೆಸರಾಂತ ಆಟಗಾರನಾದ ಜಾರ್ಜ್ ಮೈಕನ್ ಪಳಗಿದ್ದು ಈ ಅಭ್ಯಾಸದಿಂದ. ಆರಡಿ ಹತ್ತಿಂಚಿನ ಮೈಕನ್ ಆಗ ಕಾಲೇಜು ಹುಡುಗನೇ, ಕುಶಲತೆ ಸಾಲದ ದೊಡ್ಡ ದೇಹದವನು ಅಂತಲೇ ಹೆಸರಾಗಿದ್ದವನು. ಕಾಲೇಜು ವಯಸ್ಸಿಗೆ ಟಚ್ ಬರುವುದಿಲ್ಲ ಅನ್ನುವವರಿಗೆ ಇದಕ್ಕಿಂತ ಹಳೆಯ, ಗಟ್ಟಿ ಉತ್ತರ ನನಗೆ ಗೊತ್ತಿಲ್ಲ.

ಎಡಗೈ ನಾನಂದುಕೊಂಡದ್ದಕ್ಕಿಂತ ಬೇಗ ಕೂತಿತು. ರಿಂಗ್ ಅಗಲ 45 ಸೆಂ.ಮೀ., ಚೆಂಡಿನದು ಸುಮಾರು 24. ಜಾಗ ಬೇಕಾದಷ್ಟಿದೆ ಅಂತ ಒಮ್ಮೆ ಕಣ್ಣಾರೆ ಕಂಡ ಮೇಲೆ ಅವನ ಮಣಿಕಟ್ಟು ಸಡಿಲವಾಯಿತು. ಈಗ ಬೋರ್ಡ್ ಮೇಲಿನ ಚೌಕದ ಮೇಲ್ಮೂಲೆಗೆ ಎರಡೂ ಕೈಯಿಂದ ಮೆತ್ತಗೆ ಮುಟ್ಟಿಸುತ್ತಾನೆ.

ಆದರೆ ಎದುರಿಗೆ ಒಬ್ಬ ಮನುಷ್ಯ ನಿಂತ ಕೂಡಲೇ ಹಳೇ ಕಥೆ. ಹಾಗಾಗಿ ಎರಡನೇ ಹಂತ ಪೂರ್ತಿ ಕಾಲಿನ ಕೆಲಸ. ಕೊನೆಯದಕ್ಕಿಂತ ಮುಂಚಿನ ಹೆಜ್ಜೆ ಉದ್ದ, ಸೊಂಟ ತಗ್ಗಿಸಿ. ಕೊನೆಯದು ಗಿಡ್ಡ, ಗಟ್ಟಿಯಾಗಿ ಊರಬೇಕು. ಮುಂದಕ್ಕೆ ಹೋಗುವ ವೇಗ ಆಗ ಮೇಲಕ್ಕೆ ತಿರುಗುತ್ತದೆ. ಮೊದಲ ಸಲ ತೋರಿಸಿದಾಗ, 'ಅಣ್ಣಾ, ಇದು ಟ್ರಾವೆಲ್ ಆಗಲ್ವಾ?' ಅಂದ. ಚೆಂಡು ಹಿಡಿದು ಹೆಚ್ಚು ಹೆಜ್ಜೆ ಇಡುವ ತಪ್ಪಿಗೆ ಟ್ರಾವೆಲ್ ಅನ್ನುತ್ತಾರೆ. ಅವನ ಗಡಿಬಿಡಿಯ ಮೂಲ ಸಿಕ್ಕಿದ್ದೇ ಆ ಪ್ರಶ್ನೆಯಲ್ಲಿ. ಓಡುತ್ತಾ ಚೆಂಡು ಹಿಡಿಯುವಾಗ ನೆಲದ ಮೇಲಿರುವ ಕಾಲು ಲೆಕ್ಕಕ್ಕಿಲ್ಲ, ಆಮೇಲೆ ಎರಡು ಹೆಜ್ಜೆ ಅಂತ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾ 2017ರಲ್ಲೇ ನಿಯಮ ತಿದ್ದಿದೆ. ಇವನು ಆ ಕಾಲನ್ನೂ ಎಣಿಸಿಕೊಂಡು, ಒಂದು ಹೆಜ್ಜೆ ಕಮ್ಮಿ ಇಟ್ಟು, ಧಾವಂತದಲ್ಲಿ ಹಾರುತ್ತಿದ್ದ. ನಿಧಾನವಾಗಲು ಬೇಕಾದ ಜಾಗ ನಿಯಮದಲ್ಲೇ ಇದೆ.

ಇನ್ನೊಂದು ಭಯ ಚಾರ್ಜ್‌ನದು. ನಿಂತ ಡಿಫೆಂಡರಿಗೆ ಡಿಕ್ಕಿ ಹೊಡೆದರೆ ಚೆಂಡು ಹಿಡಿದವನ ಮೇಲೆ ಬೀಳುವ ಫೌಲ್ ಅದು. ಡಿಫೆಂಡರ್ ಕಂಡರೆ ಗಾಳಿಯಲ್ಲೇ ಮೈ ಆಚೆ ವಾಲಿಸುತ್ತಿದ್ದ. ವಾಲಿದ ಮೈಯಿಂದ ಬಿಟ್ಟ ಚೆಂಡು ರಿಂಗ್‌ನ ಒಂದು ಪಕ್ಕಕ್ಕೇ ಬಡಿಯುತ್ತದೆ. ರಿಂಗ್ ಕೆಳಗೆ 1.25 ಮೀಟರ್ ತ್ರಿಜ್ಯದ ಅರ್ಧವೃತ್ತ ಇದೆಯಲ್ಲ, ಅದರೊಳಗೆ ನಿಂತವನಿಗೆ ಗಾಳಿಯಲ್ಲಿರುವ ಆಟಗಾರ ತಾಗಿದರೆ ಚಾರ್ಜ್ ಕೊಡುವುದಿಲ್ಲ, ಹಾರಿದವನು ಕೈಕಾಲು ಅಕ್ರಮವಾಗಿ ಬಳಸದಿದ್ದರೆ ಸಾಕು. ಇದನ್ನು ಮನದಟ್ಟು ಮಾಡಿಸಿ, ನಾನು ಪ್ಯಾಡ್ ಹಿಡಿದು ಅವನ ಭುಜಕ್ಕೆ ತಳ್ಳುತ್ತಾ ನಿಂತೆ. ಭುಜ ಮೊದಲು ತಾಗಲಿ, ಚೆಂಡು ಆಚೆ ಕೈಯಲ್ಲಿರಲಿ, ಆಮೇಲೆ ಹಾರು. ಇಷ್ಟೇ ಪಾಠ. ಇದೇ ಎಲ್ಲಕ್ಕಿಂತ ಹೆಚ್ಚು ಸಮಯ ತಿಂದಿದ್ದು.

ಅವನಿಗೆ ಯೂರೋ ಸ್ಟೆಪ್ (ಒಂದು ಹೆಜ್ಜೆ ಒಂದು ಕಡೆ, ಮುಂದಿನದು ಇನ್ನೊಂದು ಕಡೆ ಇಟ್ಟು ನುಸುಳುವುದು) ಮೇಲೆ ಕಣ್ಣು. ಸದ್ಯಕ್ಕೆ ಬೇಡ ಅಂದಿದ್ದೇನೆ. ಎರಡೂ ಕಾಲು ಒಟ್ಟಿಗೆ ಊರಿ ನಿಲ್ಲುವುದು ಬಂದರೆ ಫೇಕ್ (ಹಾಕುವಂತೆ ನಟಿಸುವುದು), ಪಿವಟ್ (ಒಂದು ಕಾಲೂರಿ ತಿರುಗುವುದು), ಹೊರಗಿನವನಿಗೆ ಪಾಸ್ ಮೂರೂ ತೆರೆದಿರುತ್ತವೆ. ಒಂಟಿ ಕಾಲಲ್ಲಿ ಹಾರಿದ ಮೇಲೆ ಗಾಳಿಯಲ್ಲಿ ಯೋಚನೆಗೆ ಸಮಯ ಎಲ್ಲಿರುತ್ತದೆ?

ಕಳೆದ ವಾರದ ಅಭ್ಯಾಸ ಪಂದ್ಯದಲ್ಲಿ ಫಲ ಕಾಣಿಸಿತು. ಬಲಗಡೆಯಿಂದ ನುಗ್ಗಿದ, ಎದುರು ತಂಡದ ಸೆಂಟರ್ (ರಿಂಗ್ ಹತ್ತಿರ ಕಾಯುವ ಎತ್ತರದ ಆಟಗಾರ) ಆ ಕಡೆಯಿಂದ ಬ್ಲಾಕ್‌ಗೆ ಓಡಿಬಂದ. ಇವನು ಉದ್ದ ಹೆಜ್ಜೆ ಇಟ್ಟು, ಎರಡು ಕಾಲಲ್ಲಿ ನಿಂತು, ಚೆಂಡನ್ನು ಹಣೆಯ ಎತ್ತರಕ್ಕೆ ಒಮ್ಮೆ ಎತ್ತಿದ. ಸೆಂಟರ್ ಹಾರಿ ಮುಂದಕ್ಕೆ ಹೋದ. ಇವನು ಆಮೇಲೆ ಎದ್ದು, ಎಡಗೈಯಿಂದ ಬೋರ್ಡ್‌ಗೆ ಮುಟ್ಟಿಸಿ ಹಾಕಿದ. ನನಗಾದ ಖುಷಿ ಅಷ್ಟಿಷ್ಟಲ್ಲ. ಫೌಲ್ ಕೂಡ ಮೊದಲಿಗಿಂತ ಹೆಚ್ಚು ಸಿಗುತ್ತಿದೆ, ಮೈ ವಾಲಿಸುವುದು ನಿಂತದ್ದಕ್ಕೆ.

ಕೊನೆಯ ಕ್ವಾರ್ಟರ್‌ನಲ್ಲಿ ಮಾತ್ರ ಕಾಲು ಸೋತಿತು. ಉದ್ದ ಹೆಜ್ಜೆ ಮಾಯ, ಚೆಂಡು ಮತ್ತೆ ಸೊಂಟಕ್ಕೆ, ಎರಡು ಸಲ ಕಿತ್ತುಕೊಂಡರು. ದಣಿದಾಗ ದೇಹ ಹಳೇ ರೂಢಿಗೆ ಮರಳುತ್ತದೆ; ನಾವು ಇಲ್ಲಿಯವರೆಗೆ ಮೈ ತಾಜಾ ಇರುವಾಗಲೇ ಅಭ್ಯಾಸ ಮಾಡಿದ್ದೇವೆ. ಮುಂದಿನ ಹಂತದಲ್ಲಿ ಕೋರ್ಟ್ ಉದ್ದಕ್ಕೂ ಓಟ ಮೊದಲು, ಪ್ಯಾಡ್ ಆಮೇಲೆ. ಎಡಗಡೆಯಿಂದ ನುಗ್ಗುವುದನ್ನೂ ಇದರಲ್ಲೇ ಸೇರಿಸುತ್ತೇವೆ. ಫ್ಲೋಟರ್ (ಸ್ವಲ್ಪ ದೂರದಿಂದಲೇ ಡಿಫೆಂಡರ್ ಮೇಲಿಂದ ಮೆತ್ತಗೆ ಎತ್ತಿ ಹಾಕುವುದು) ಅದಾದ ಮೇಲೆ.