ಅಮ್ಮನ ವಿಗ್ಗು: ಇಸ್ತಾಂಬುಲ್ ಧ್ವನಿಮುದ್ರಣದ ನಾಲ್ಕನೇ ತಿಂಗಳು

ಬಿಡುವಿನ ವೇಳೆಯಲ್ಲಿ ಕೈಗೆತ್ತಿಕೊಂಡ ಈ ಕೆಲಸಕ್ಕೆ ನಾಲ್ಕು ತಿಂಗಳು ತುಂಬಿತು. ಮುಸ್ಲಿಮರೇ ಬಹುಸಂಖ್ಯಾತರಾಗಿರುವ ತುರ್ಕಿಯಲ್ಲಿ ಇಸ್ಲಾಮೊಫೋಬಿಯಾ, ಅಂದರೆ ಇಸ್ಲಾಮಿನ ಬಗೆಗಿನ ಭಯ-ದ್ವೇಷ, ಎಂಬುದು ಉಂಟೇ ಎಂದು ಇಲ್ಲಿನ ವಿದ್ಯಾರ್ಥಿಗಳನ್ನು ಕೇಳಿ, ಅವರ ಮಾತನ್ನು ಕನ್ನಡಕ್ಕೆ ತರುವುದು ನನ್ನ ಉದ್ದೇಶ. ಈವರೆಗೆ ಒಂಬತ್ತು ಸಂಭಾಷಣೆಗಳು ಮುಗಿದಿವೆ. ಮಾತಾಡಿದವಳೇ ಬೇಡವೆಂದದ್ದರಿಂದ ಒಂದನ್ನು ಅಳಿಸಿದ್ದೇನೆ.

ಮೊದಲ ತಿಂಗಳು ಬಹುಪಾಲು ವ್ಯರ್ಥವಾಯಿತು. ಆ ಪದ ಕಿವಿಗೆ ಬಿದ್ದೊಡನೆ ಎಲ್ಲರೂ ಜರ್ಮನಿಯಲ್ಲಿರುವ ನೆಂಟರ ಕಷ್ಟವನ್ನು ಹೇಳತೊಡಗುತ್ತಿದ್ದರು. ಆದ್ದರಿಂದ ಪದವನ್ನೇ ಕೈಬಿಟ್ಟು, 'ತಲೆವಸ್ತ್ರದ ಕಾರಣಕ್ಕೆ ನಿಮ್ಮ ಮನೆಯವರು ಯಾರಾದರೂ ಬಾಗಿಲಿನಿಂದ ಹಿಂದಿರುಗಿದ್ದುಂಟೇ?' ಎಂದು ಕೇಳಲಾರಂಭಿಸಿದೆ. ಮಾತು ಮನೆಯೊಳಕ್ಕೆ ಬಂತು.

ಕಳೆದ ವಾರ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿನಿಯೊಬ್ಬಳು ಬಿಸ್ಕತ್ತಿನ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದಳು. ಒಳಗೆ ಕಂದು ಬಣ್ಣದ ವಿಗ್ಗು. ನೈಲಾನ್ ಕೂದಲು ಒಂದು ಬದಿಗೆ ಗಂಟುಗಟ್ಟಿತ್ತು. ತಲೆವಸ್ತ್ರದ ಮೇಲೆಯೇ ಅದನ್ನು ಕೂರಿಸಿಕೊಂಡು ಅವಳ ತಾಯಿ ತರಗತಿಗೆ ಹೋಗುತ್ತಿದ್ದರಂತೆ. 'ಅಬ್ಲಾ, ಬೇಸಿಗೆಯಲ್ಲಿ ಇದು ಎಷ್ಟು ಸೆಕೆಯಾಗುತ್ತಿತ್ತೋ ನೋಡಿ' ಎಂದು ನನ್ನ ಕೈಗಿತ್ತಳು. ಅಬ್ಲಾ ಎಂದರೆ ಅಕ್ಕ.

1997ರ ಫೆಬ್ರವರಿ 28ರಂದು ಸೇನೆಯ ಹಿಡಿತದಲ್ಲಿದ್ದ ರಾಷ್ಟ್ರೀಯ ಭದ್ರತಾ ಮಂಡಳಿ ಕೈಗೊಂಡ ನಿರ್ಣಯಗಳ ನಂತರ ವಿಶ್ವವಿದ್ಯಾಲಯಗಳಲ್ಲಿ ತಲೆವಸ್ತ್ರದ ಮೇಲಿನ ನಿಷೇಧ ಬಿಗಿಯಾಯಿತು. ಇಸ್ತಾಂಬುಲ್ ವಿಶ್ವವಿದ್ಯಾಲಯದ ವೈದ್ಯಕೀಯ ವಿದ್ಯಾರ್ಥಿನಿ ಲೇಲಾ ಶಾಹಿನ್ ಅವರನ್ನು 1998ರ ಮಾರ್ಚ್ 12ರಂದು ಆಂಕಾಲಜಿ ಪರೀಕ್ಷೆಗೆ ಬಿಡಲಿಲ್ಲ. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ 2005ರ ನವೆಂಬರಿನಲ್ಲಿ 16–1ರ ಬಹುಮತದಿಂದ ನಿಷೇಧವನ್ನೇ ಎತ್ತಿಹಿಡಿಯಿತು. 2010ರ ನಂತರ ಕಾಲೇಜುಗಳಲ್ಲಿ ಬಿಗಿ ಸಡಿಲವಾಗಿ, 2013ರಲ್ಲಿ ಹೆಚ್ಚಿನ ಸರ್ಕಾರಿ ನೌಕರರಿಗೂ ಅನುಮತಿ ದೊರೆಯಿತು. ನನ್ನೊಡನೆ ಮಾತಾಡುವವರಲ್ಲಿ ಹೆಚ್ಚಿನವರು 2005ರ ಆ ತೀರ್ಪಿನ ಆಸುಪಾಸಿನಲ್ಲಿ ಹುಟ್ಟಿದವರು.

ಹಳ್ಳಿಯ ಅಜ್ಜಿಯ ಅಥವಾ ಮನೆಗೆಲಸದವಳ ತಲೆವಸ್ತ್ರ ಯಾರಿಗೂ ತೊಡಕಾಗಿರಲಿಲ್ಲ, ಅದೇ ವಸ್ತ್ರ ಡಾಕ್ಟರಾಗಲು ಹೊರಟಾಗಲೇ ದಿಗಿಲು ಹುಟ್ಟಿತು ಎಂಬ ಒಬ್ಬ ಹುಡುಗನ ಮಾತು ನನಗೆ ಹೆಚ್ಚು ಸರಿಯೆನಿಸಿದೆ. ಭಾಷೆಯೇ ಅದಕ್ಕೆ ಸಾಕ್ಷಿ: ಅಜ್ಜಿಯದು 'ಬಾಶೋರ್ತುಸು', ವಿದ್ಯಾರ್ಥಿನಿಯದು 'ತುರ್ಬಾನ್'. ಎರಡನೆಯದನ್ನು ಪೇಟ ಎನ್ನಲಾಗದು. ಹಿಜಾಬ್ ಎಂದರೆ 2022ರ ಆದೇಶವನ್ನು ಕಂಡ ಕನ್ನಡ ಓದುಗರ ಮನಸ್ಸು ನೇರವಾಗಿ ಉಡುಪಿಯ ಕಾಲೇಜುಗಳತ್ತ ಓಡುತ್ತದೆ. ಸದ್ಯಕ್ಕೆ ತುರ್ಬಾನ್ ಎಂದೇ ಉಳಿಸಿಕೊಂಡಿದ್ದೇನೆ.

ಎಲ್ಲರೂ ಈ ದಾರಿಯಲ್ಲಿಲ್ಲ. ಎರಡು ವರ್ಷದ ಹಿಂದೆ ತಲೆವಸ್ತ್ರ ತೆಗೆದಿಟ್ಟ ವಿದ್ಯಾರ್ಥಿನಿಯೊಬ್ಬಳು, ತಾಯಂದಿರ ಆ ನೋವು ನಿಜವಾದರೂ ಈಗ ತಾನು ಬಾಯಿ ತೆರೆದಾಗಲೆಲ್ಲ ಅದನ್ನೇ ಮುಂದಿಟ್ಟು ತನ್ನನ್ನು ಸುಮ್ಮನಾಗಿಸುತ್ತಾರೆ ಎಂದಳು. ಆ ಮುದ್ರಣದಲ್ಲಿ ಅರ್ಧ ನಿಮಿಷ ಚಹಾದ ಚಮಚದ ಸದ್ದು ಮಾತ್ರವಿದೆ, ಅದನ್ನು ಕತ್ತರಿಸುವುದಿಲ್ಲ.

ವಿಗ್ಗಿನ ಒಡತಿ ಮಾತಾಡಲು ಒಪ್ಪಿದ್ದಾರೆ, ಆದರೆ ಧ್ವನಿಮುದ್ರಣ ಕೂಡದೆಂದು ಮಗಳ ಕೈಲಿ ಹೇಳಿಕಳಿಸಿದ್ದಾರೆ. ಭಾನುವಾರಕ್ಕೆಂದು ಒಂದು ನೋಟುಪುಸ್ತಕ ಕೊಂಡಿದ್ದೇನೆ.