ಸಕ್ಕರೆ ಬೀಟ್ ಮುಗಿದ ಮೇಲೆ ಹೊರಡುವ ಹೆಬ್ಬಾತುಗಳು

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಅಂಗಡಿ, ಮ್ಯೂಸಿಯಂ ಎಲ್ಲ ಆಯಿತು, ಅದನ್ನು ಬಿಡಿ. ಹೇಳಬೇಕಿರುವುದು ಹಕ್ಕಿ ನೋಡಲು ಹೋದ ರೆಡ್‌ಮೈರ್ಸ್ ಬಗ್ಗೆ.

ಊರಿನ ಪಶ್ಚಿಮಕ್ಕೆ, ಬೆಟ್ಟದ ಮೇಲೆ, ಒಂದರ ಪಕ್ಕ ಒಂದು ಮೂರು ಜಲಾಶಯಗಳು. 1832ರಲ್ಲಿ ಶೆಫೀಲ್ಡ್‌ಗೆ ಕಾಲರಾ ಬಡಿದ ಮೇಲೆ ಊರಿಗೆ ಶುದ್ಧ ನೀರು ಬೇಕೆಂದು ಕಟ್ಟಿದ್ದು. ಸುತ್ತ ಹೆದರ್ ಗಿಡಗಳ ಕುರುಚಲು ಬಯಲು. ಜನವರಿಯ ಗಾಳಿಗೆ ಬೈನಾಕ್ಯುಲರ್ ಹಿಡಿದ ಕೈ ನಿಲ್ಲುತ್ತಿರಲಿಲ್ಲ. ನೀರಿನಲ್ಲಿ ಕಂಡಿದ್ದು ನಾಲ್ಕಾರು ಬಾತು, ಅಷ್ಟೇ. ಹೆದರ್ ಒಳಗಿಂದ ಕೋಳಿಯಂಥ ಗ್ರೌಸ್ ಹಕ್ಕಿಯೊಂದು ಕೂಗುತ್ತಾ ಎದ್ದು ಹೋಯಿತು. ಇಲ್ಲಿನವರಿಗೆ ಅದೆಂದರೆ ಪ್ರಾಣ. ನನಗೇನೋ ಕೋಳಿ ಕಂಡಷ್ಟೇ ಖುಷಿ.

ಕಲ್ಲುಗೋಡೆಯ ಮರೆಯಲ್ಲಿ ಟೆಲಿಸ್ಕೋಪ್ ಇಟ್ಟುಕೊಂಡ ಹಿರಿಯರೊಬ್ಬರು ನೀರಿಗೆ ಬೆನ್ನು ಹಾಕಿ ನಿಂತಿದ್ದರು.

"ನೀರಲ್ಲಿ ಏನು ಹುಡುಕ್ತಿದೀರಿ? ಪೀಟ್ ಮಣ್ಣಿನ ಹುಳಿ ನೀರು, ಹಕ್ಕಿಗೆ ತಿನ್ನೋಕೆ ಏನಿದೆ ಇಲ್ಲಿ? ಮೇಲೆ ನೋಡಿ."

"ಮೇಲೆ ಏನಿದೆ?"

"ಗುಲಾಬಿ ಕಾಲಿನ ಹೆಬ್ಬಾತು. ಐಸ್‌ಲ್ಯಾಂಡ್, ಗ್ರೀನ್‌ಲ್ಯಾಂಡ್ ಕಡೆಯವು. ಪೂರ್ವದಲ್ಲಿ ನಾರ್ಫೋಕ್‌ನ ಹೊಲಗಳಲ್ಲಿ ಸಕ್ಕರೆ ಬೀಟ್, ಅಂದ್ರೆ ಸಕ್ಕರೆ ತೆಗೆಯೋ ಗಡ್ಡೆ, ಕಿತ್ತ ಮೇಲೆ ಉಳಿಯೋ ಸೊಪ್ಪು ತಿಂತಾವೆ. ಆಮೇಲೆ ಪಶ್ಚಿಮಕ್ಕೆ, ಲ್ಯಾಂಕಶೈರ್‌ಗೆ. ಈ ಬೆಟ್ಟದ ಮೇಲಿಂದಲೇ ದಾರಿ."

"ಚಳಿ ಮುಗಿಯೋ ಮೊದಲೇನಾ?"

"ರೈತ ಹೊಲ ಉತ್ತ ಮೇಲೆ ಅಲ್ಲೇನು ಕೆಲಸ?"

ವಲಸೆ ಅಂದರೆ ಋತುಮಾನ, ನಕ್ಷತ್ರ ಅಂತೆಲ್ಲ ಓದಿದ್ದೆ. ಇಲ್ಲಿ ನೋಡಿದರೆ ನೇಗಿಲಿನ ಲೆಕ್ಕ! ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳೂ ಹೊಲಕ್ಕೆ ಮೇಯಲು ಹೋಗುತ್ತವೆ ಎಂದೆ. ಅವರು ಟೆಲಿಸ್ಕೋಪ್ ಬಿಟ್ಟು ನನ್ನ ಕಡೆ ತಿರುಗಿದರು.

"ಹಿಮಾಲಯ ದಾಟ್ತಾವಲ್ಲ, ಅವೇನಾ? ನೀವೇ ನೋಡಿದೀರಾ?"

ಆಮೇಲೆ ಪ್ರಶ್ನೆ ಅವರದು, ಉತ್ತರ ನನ್ನದು. ಕೆರೆ ಎಷ್ಟು ದೊಡ್ಡದು, ಹತ್ತಿರ ಹೋಗಬಹುದಾ, ರೈತರು ಕಲ್ಲು ಹೊಡೀತಾರಾ! ಅಷ್ಟರಲ್ಲಿ ಪೂರ್ವದಿಂದ ಕೀರಲು ಕೂಗು ಕೇಳಿತು. ಮೊದಲು ಒಂದು ಗೆರೆ, ಹಿಂದೆ ಇನ್ನೊಂದು. ಎದುರುಗಾಳಿಗೆ ತೀರಾ ತಗ್ಗಿನಲ್ಲಿ, ನಿಧಾನವಾಗಿ ಬಂದವು. ಮುಂದಿನದು ಪಕ್ಕಕ್ಕೆ ಸರಿದರೆ ಹಿಂದಿನದು ಆ ಜಾಗಕ್ಕೆ. ಇಬ್ಬರೂ ಎಣಿಸಿದೆವು. ಅವರ ಲೆಕ್ಕ 140, ನನ್ನದು 128. ಇಬ್ಬರೂ ಬಿಟ್ಟುಕೊಡಲಿಲ್ಲ.

ಹೋಗುವವರಿಗೆ ಒಂದು ಮಾತು. ಬಸ್ಸು ಇಳಿದು ಗಾಳಿಯಲ್ಲಿ ನಡೆಯಬೇಕು, ಚಹಾ ಫ್ಲಾಸ್ಕಿನಲ್ಲಿ ಒಯ್ಯಿರಿ. ನಾಲ್ಕೂವರೆಗೆಲ್ಲ ಕತ್ತಲು. ವಾಪಸು ಬರುವಾಗ ಬೋರ್ಡಿನಲ್ಲಿ "5 ನಿಮಿಷ" ಅಂತಿದ್ದ ನನ್ನ ಬಸ್ಸು ಸುಮ್ನೆ ಮಾಯವಾಯಿತು. ಮುಂದಿನದು ಬರುವ ತನಕ ನಡುಗುತ್ತಾ ನಿಂತೆ. ಕೊನೆ ಬಸ್ಸನ್ನು ಮಾತ್ರ ನೆಚ್ಚಿಕೊಳ್ಳಬೇಡಿ.